ಚೆನ್ನಕ್ಕನನ್ನು ನಾನು ಸಾಯಿಸಿದ್ದು

ಒಂದು ತಪ್ಪು ಒಪ್ಪಿಕೊಳ್ಳುವುದಿದೆ. ಎರಡು ವರ್ಷದ ಹಿಂದೆ ಒಂದು ಬುಧವಾರ, ಮಧ್ಯಾಹ್ನದ ಮುದ್ದೆಗೆ ಎಸರಿಡುವ ಹೊತ್ತಿಗೆ, ಹದಿನಾಲ್ಕು ಜನ ಹೆಂಗಸರ ಕಣ್ಣೆದುರಿಗೇ ನಾನು ಚೆನ್ನಕ್ಕ ಎಂಬುವವಳನ್ನು ಸಾಯಿಸಿಬಿಟ್ಟೆ. ಗಾಬರಿಯಾಗಬೇಡಿ, ಚೆನ್ನಕ್ಕ ಕತೆಯೊಳಗಿನ ಹೆಂಗಸು. ಆದರೆ ನಮ್ಮೂರಿನಲ್ಲಿ ಕೆಲವರು ಈಗಲೂ ನನ್ನನ್ನು ನೋಡುವ ರೀತಿ ನೋಡಿದರೆ, ಆ ವ್ಯತ್ಯಾಸ ಅವರಿಗೆ ಅಷ್ಟೇನೂ ಮುಖ್ಯವಲ್ಲ ಅನ್ನಿಸುತ್ತದೆ. ಅದೂ ಅಲ್ಲದೆ ಆ ಕತೆ ನನ್ನದಲ್ಲ, ನಮ್ಮ ಅತ್ತಿಗೆಯದು. ನನ್ನದೇ ಕತೆಯಾಗಿದ್ದರೆ ಯಾರನ್ನು ಬೇಕಾದರೂ ಸಾಯಿಸಿಕೊಳ್ಳಬಹುದಿತ್ತು, ಕೇಳುವವರೇ ಇರುತ್ತಿರಲಿಲ್ಲವಲ್ಲ.

ಇದು ಈಗ ನೆನಪಾಗಿದ್ದು ಬಸ್ಸಿನಲ್ಲಿ. ಹೋದ ವಾರ ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟಕ್ಕೆ ಬರುತ್ತಿದ್ದೆ. ಮುಂದಿನ ಸೀಟಿನಲ್ಲಿ ಇಬ್ಬರು ಕಾಲೇಜು ಹುಡುಗಿಯರು. ಮೂರು ವರ್ಷದಿಂದ ನೋಡುತ್ತಿದ್ದ ಯಾವುದೋ ಸೀರಿಯಲ್ಲು ಹಿಂದಿನ ದಿನ ಮುಗಿದಿತ್ತಂತೆ.

"ಲಾಸ್ಟ್ ಎಪಿಸೋಡಲ್ಲಿ ಎಲ್ಲ ಸರಿಹೋಗುತ್ತೆ ಅಂತ ಕಾಯ್ತಾ ಕೂತಿದ್ದೆ ಕಣೇ. ಇಬ್ಬರ್ನೂ ಲಾರಿ ಕೆಳಗೆ ಹಾಕಿ ಮುಗಿಸ್ಬಿಟ್ಟ!"

"ನಮ್ಮಜ್ಜಿ ಟೀವಿ ಕಡೆ ಚಪ್ಲಿ ಎಸೆದ್ರು ಗೊತ್ತಾ? ಅದನ್ನ ಬರೆದೋನು ಕೈಗೆ ಸಿಗ್ಬೇಕು..."

ಸಿಕ್ಕಿದರೆ ಏನು ಮಾಡುತ್ತೇನೆಂದು ಆ ಹುಡುಗಿ ಹೇಳಲಿಲ್ಲ, ಹಲ್ಲು ಮಾತ್ರ ಕಡಿದಳು. ನಾನು ಹಿಂದಿನ ಸೀಟಿನಲ್ಲಿ, ಆ ಲಾರಿ ಓಡಿಸಿದವನೇ ನಾನೆಂಬಂತೆ ಕುಗ್ಗಿ ಕೂತೆ. ಬಗ್ಗಿ ಅವರಿಬ್ಬರಿಗೂ ಹೇಳೋಣ ಅನ್ನಿಸಿತು: ಅಮ್ಮಾ, ಪಾಪ ಅವನಿಗೂ ಏನು ಸಂಕಟವಿತ್ತೋ, ಯಾರ ಮೇಲೆ ಹೊಟ್ಟೆ ಉರಿಯುತ್ತಿತ್ತೋ ನಿಮಗೇನು ಗೊತ್ತು? ಹೇಳಲಿಲ್ಲ. ಬಸ್ಸು ಓಡುತ್ತಿತ್ತು, ಇಳಿದು ಓಡಲು ಆಗುತ್ತಿರಲಿಲ್ಲ.

ಸರಿ, ಮೊದಲಿಂದ ಹೇಳುತ್ತೇನೆ. ನಮ್ಮೂರು ದಿಬ್ಬೂರಹಳ್ಳಿಯ ಹತ್ತಿರ. ಮನೆಮನೆಯಲ್ಲೂ ರೇಷ್ಮೆ ಹುಳು. ಹುಳು ಬಲಿತು ಹಣ್ಣಾದ ಮೇಲೆ ಅದನ್ನು ಚಂದ್ರಿಕೆಗೆ ಬಿಡುತ್ತೇವೆ. ಚಂದ್ರಿಕೆ ಅಂದರೆ ಬಿದಿರಿನ ದೊಡ್ಡ ಚಾಪೆಯ ಮೇಲೆ ಬಿದಿರು ಪಟ್ಟಿಯನ್ನು ಸುರುಳಿ ಸುತ್ತಿ ಕಟ್ಟಿರುತ್ತದಲ್ಲ, ಅದು. ಆ ಸುರುಳಿಯ ಸಂದಿಯಲ್ಲಿ ಕೂತು ಹುಳು ಗೂಡು ಕಟ್ಟುತ್ತದೆ. ಐದಾರು ದಿನಕ್ಕೆ ಗೂಡು ಗಟ್ಟಿಯಾಗುತ್ತದೆ. ಆಗ ಬಿಡಿಸಲೇಬೇಕು. ತಡವಾದಷ್ಟೂ ತೂಕ ಇಳಿಯುತ್ತದೆ. ಇನ್ನೂ ತಡವಾದರೆ ಒಳಗಿರುವ ಹುಳು ಚಿಟ್ಟೆಯಾಗಿ, ಗೂಡಿಗೆ ತೂತು ಕೊರೆದುಕೊಂಡು ಹೊರಗೆ ಬಂದು ಕೂರುತ್ತದೆ. ತೂತು ಬಿದ್ದ ಗೂಡಿನಿಂದ ನೂಲು ಬರುವುದಿಲ್ಲ. ಚಿಟ್ಟೆ ಮಾತ್ರ ನೋಡಲು ಚೆನ್ನಾಗಿರುತ್ತದೆ.

ಗೂಡು ಬಿಡಿಸಲು ನಮ್ಮ ಕಡೆ ಕೂಲಿ ಇಲ್ಲ, ಮುಯ್ಯಾಳು. ಇವತ್ತು ನಮ್ಮನೆಗೆ ಅವರು ಬಂದರೆ ನಾಳಿದ್ದು ಅವರ ಮನೆಗೆ ನಾವು ಹೋಗುವುದು. ಹೀಗೆ ಬೀದಿಯ ಹದಿನಾಲ್ಕು ಜನ ಹೆಂಗಸರು ವಾರಕ್ಕೆ ಒಂದು ಸಲವಾದರೂ ಯಾರದಾದರೂ ಅಂಗಳದಲ್ಲಿ ಸೇರುತ್ತಾರೆ. ಬೆರಳಿಗೆ ಕೆಲಸ ಇರುತ್ತದೆ, ಕಿವಿ ಖಾಲಿ ಇರುತ್ತದೆ. ಆ ಖಾಲಿ ಕಿವಿಗಳಿಗೆಲ್ಲ ಒಂದು ಕಾಲದಲ್ಲಿ ನಾನೇ ಯಜಮಾನನಾಗಿದ್ದೆ.

ನನ್ನ ಬಂಡವಾಳ ಏನೂ ಇರಲಿಲ್ಲ. ಡಿಗ್ರಿ ಮುಗಿದಿತ್ತು, ಅಂದರೆ ಎರಡು ಸಬ್ಜೆಕ್ಟು ಬಿಟ್ಟು ಉಳಿದದ್ದು ಮುಗಿದಿತ್ತು. ಮನೆಯಲ್ಲೇ ಇದ್ದೆ. ಗಂಡಸರು ಯಾರೂ ಕೂರದ ಆ ಅಂಗಳದಲ್ಲಿ ಹೋಗಿ ಕೂತು, ಟಿಕೆಟ್ ಕೊಡುವಾಗ ಮೂಗಿನಲ್ಲಿ ಹಾಡುವ ಕಂಡಕ್ಟರನನ್ನು ಅಣಕಿಸುತ್ತಿದ್ದೆ. ಮೊಟ್ಟೆ ಇಡುವ ಕೋಳಿ ಹೇಗೆ ಕೂಗುತ್ತದೆ, ಮೊಟ್ಟೆ ಇಡದೆ ಸುಳ್ಳು ಹೇಳುವ ಕೋಳಿ ಹೇಗೆ ಕೂಗುತ್ತದೆ ಎಂದು ಮಾಡಿ ತೋರಿಸುತ್ತಿದ್ದೆ. ಎದುರು ಮನೆಯ ಗಂಗಮ್ಮತ್ತೆ, ಆಯಮ್ಮ ನಗುವುದೇ ಅಪರೂಪ, ಒಂದು ಸಲ ನಕ್ಕು ನಕ್ಕು ಕೆಮ್ಮು ಹತ್ತಿ ನೀರು ತರಿಸಿಕೊಂಡಿದ್ದರು. ಆ ಕೆಮ್ಮನ್ನು ನಾನು ಪದಕದ ಥರ ಎದೆಗೆ ಹಾಕಿಕೊಂಡು ಒಂದು ತಿಂಗಳು ತಿರುಗಿದ್ದೆ.

ಆಮೇಲೆ ನಮ್ಮಣ್ಣನಿಗೆ ಮದುವೆಯಾಯಿತು. ಅತ್ತಿಗೆ ಬಂದರು. ಸುಜಾತ ಅಂತ. ಚಿಂತಾಮಣಿಯ ಆಚೆಯ ಊರಿನವರು, ಮನೆಮಾತು ತೆಲುಗು. ಬಂದ ಹೊಸದರಲ್ಲಿ ಮಾತೇ ಆಡುತ್ತಿರಲಿಲ್ಲ. ಪಾಪ, ನಾನೇ ಇವರಿಗೆ ಒಂದಿಷ್ಟು ನಗುವುದು ಕಲಿಸಬೇಕು ಅಂದುಕೊಂಡಿದ್ದೆ. ನೋಡಿ, ಮನುಷ್ಯನಿಗೆ ಮುಂದೆ ಆಗುವುದು ಗೊತ್ತಾಗುವುದಿಲ್ಲ.

ಒಂದು ದಿನ ಪಿಳ್ಳಮ್ಮನ ಮನೆಯಲ್ಲಿ ಗೂಡು ಬಿಡಿಸುತ್ತಿದ್ದೆವು. ಪಿಳ್ಳಮ್ಮ ನಮ್ಮ ಪಕ್ಕದ ಮನೆ, ಬಾಯಿ ಜೋರು. ನಾನು ಕಂಡಕ್ಟರ್ ಮುಗಿಸಿ ಕೋಳಿ ಶುರು ಮಾಡುವ ನಡುವೆ ಸ್ವಲ್ಪ ಉಸಿರು ಎಳೆದುಕೊಂಡೆ. ಆ ಒಂದು ಉಸಿರಿನ ಸಂದಿಯಲ್ಲಿ ಅತ್ತಿಗೆ, ತಲೆ ಎತ್ತದೆ, ಕೈ ನಿಲ್ಲಿಸದೆ, "ನಮ್ಮೂರ ಕಡೆ ಒಬ್ಬಳು ಬಳೆ ಮಾರೋ ಚೆನ್ನಕ್ಕ ಅಂತ ಇದ್ಲು," ಅಂದರು. ಅಷ್ಟೇ. ನನ್ನ ಕೋಳಿ ಅವತ್ತಿನಿಂದ ಇವತ್ತಿನವರೆಗೆ ಮೊಟ್ಟೆ ಇಟ್ಟಿಲ್ಲ.

ಕತೆ ಏನೆಂದರೆ, ಚೆನ್ನಕ್ಕನಿಗೆ ಒಬ್ಬಳು ತಂಗಿ. ಚಿಕ್ಕವಳಿದ್ದಾಗಲೇ ಯಾರೋ ದೂರದ ನೆಂಟರು ಸಾಕಿಕೊಳ್ಳುತ್ತೇವೆಂದು ಕರೆದುಕೊಂಡು ಹೋದರು, ಆಮೇಲೆ ಆ ನೆಂಟರೂ ಊರು ಬಿಟ್ಟರು. ತಂಗಿಯ ಮುಖ ಚೆನ್ನಕ್ಕನಿಗೆ ನೆನಪಿಲ್ಲ. ನೆನಪಿರುವುದು ಒಂದೇ, ಎಡಗೈ ಮಣಿಕಟ್ಟಿನ ಒಳಗಡೆ ಬಿಸಿ ಹಾಲು ಬಿದ್ದ ಸುಟ್ಟ ಗುರುತು. ಬೆಳೆದ ಹೆಂಗಸರ ಕೈ ಹಿಡಿದು ನೋಡುತ್ತೇನೆ ಅಂದರೆ ಯಾರು ಕೊಡುತ್ತಾರೆ? ಅದಕ್ಕೇ ಚೆನ್ನಕ್ಕ ಬಳೆ ಮಾರಲು ಹೊರಟಳು. ಬಳೆಯ ಮಲಾರ ಹೆಗಲಿಗೇರಿಸಿಕೊಂಡು ಊರೂರು ತಿರುಗುತ್ತಾಳೆ, ಪ್ರತಿ ಮನೆಯಲ್ಲೂ ಹೆಂಗಸರು ತಾವಾಗಿಯೇ ಕೈ ಚಾಚುತ್ತಾರೆ.

ಇದನ್ನು ಅತ್ತಿಗೆ ಹೇಳಿದ ದಿನ ಹದಿನಾಲ್ಕು ಜನವೂ ಒಂದು ಕ್ಷಣ ಗೂಡು ಬಿಟ್ಟು ತಮ್ಮ ತಮ್ಮ ಎಡಗೈ ಮಣಿಕಟ್ಟನ್ನು ತಿರುಗಿಸಿ ನೋಡಿಕೊಂಡರು. ನಾನೂ ನೋಡಿಕೊಂಡೆ. ಆಮೇಲೆ ನಾಚಿಕೆಯಾಗಿ ಗಡಿಯಾರ ನೋಡಿದವನಂತೆ ನಟಿಸಿದೆ. ನನ್ನ ಕೈಯಲ್ಲಿ ಗಡಿಯಾರ ಇರಲಿಲ್ಲ.

ಒಂದೂವರೆ ವರ್ಷ ಆ ಕತೆ ನಡೆಯಿತು. ಒಂದೊಂದು ಅಂಗಳಕ್ಕೆ ಒಂದೊಂದು ಊರು, ಒಂದೊಂದು ಕೈ. ಗಂಡ ಹೊಡೆದ ಕೈ, ಬಳೆ ಹಾಕಬಾರದೆಂದು ಬಚ್ಚಿಟ್ಟ ಕೈ, ಮದುವೆಗೆ ಮುಂಚೆ ಬಳೆ ಒಡೆದುಕೊಂಡ ಕೈ. ಅತ್ತಿಗೆ ದನಿ ಎತ್ತುತ್ತಿರಲಿಲ್ಲ. "ಆಗ ಚೆನ್ನಕ್ಕ ಆ ಕೈ ತಿರುಗಿಸಿ ನೋಡಿದ್ಲು..." ಎಂದು ನಿಲ್ಲಿಸಿ, ಒಂದು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಹುಳು ಸತ್ತಿದೆಯಾ ಎಂದು ನೋಡಿ, ಅದನ್ನು ಬೇರೆ ಇಟ್ಟು, ಇನ್ನೊಂದು ತೆಗೆದುಕೊಳ್ಳುತ್ತಿದ್ದರು. ಅಷ್ಟು ಹೊತ್ತೂ ಅಂಗಳ ಉಸಿರು ಹಿಡಿದಿರುತ್ತಿತ್ತು. ಆಮೇಲೆ ಯಾರಾದರೂ ತಡೆಯಲಾರದೆ ಕೇಳುತ್ತಿದ್ದರು:

"ತರ್ವಾತ?"

ಅತ್ತಿಗೆಯಿಂದಲೇ ಅಂಟಿಕೊಂಡ ತೆಲುಗು ಮಾತು ಅದು, ಆಮೇಲೇನಾಯಿತು ಅಂತ. ನನ್ನ ಹೊಟ್ಟೆಕಿಚ್ಚೆಲ್ಲ ಆ ಒಂದು ಮಾತಿನ ಮೇಲೆ. ಇಷ್ಟು ವರ್ಷ ನನಗೆ ನಗು ಸಿಕ್ಕಿತ್ತು, ಬೈಗುಳ ಸಿಕ್ಕಿತ್ತು, ಒಂದು ಕೆಮ್ಮೂ ಸಿಕ್ಕಿತ್ತು. ಆದರೆ ಯಾರೂ ಯಾವತ್ತೂ ನನ್ನ ಮುಖ ನೋಡಿ "ಆಮೇಲೆ?" ಅಂದಿರಲಿಲ್ಲ. ಕೋಳಿ ಕೂಗಿದ ಮೇಲೆ ಆಮೇಲೆ ಏನಿರುತ್ತದೆ ಹೇಳಿ?

ನಾನು ಸುಮ್ಮನೆ ಬಿಡಲಿಲ್ಲ, ಹೋರಾಡಿದೆ. ಒಂದು ಸಲ ನಡುವೆ ಬಾಯಿ ಹಾಕಿ ಕಂಡಕ್ಟರ್ ದನಿ ತೆಗೆದೆ. ಪಿಳ್ಳಮ್ಮ ತಿರುಗಿ, "ಥೂ, ಸುಮ್ಕಿರಪ್ಪ ಒಸಿ, ಚೆನ್ನಕ್ಕ ಹೊಳೆ ದಾಟ್ತಾವ್ಳೆ!" ಅಂದಳು. ನನ್ನಿಂದ ಚೆನ್ನಕ್ಕ ಹೊಳೆಗೆ ಬೀಳುತ್ತಾಳೆ ಅನ್ನುವ ಹಾಗೆ. ಇನ್ನೊಂದು ಸಲ ಕತೆಯಲ್ಲಿ ತಪ್ಪು ಹುಡುಕಿದೆ.

"ಅಲ್ಲ ಅತ್ತಿಗೆ, ಊರೂರು ತಿರುಗೋ ಬದ್ಲು ತಂಗಿಗೆ ಒಂದು ಫೋನ್ ಮಾಡ್ಬಾರ್ದಾ?"

ಅತ್ತಿಗೆ ತಲೆ ಎತ್ತಲಿಲ್ಲ. "ತಂಗಿ ನಂಬರ್ ನಿನ್ ಹತ್ರ ಇದ್ರೆ ಕೊಡಪ್ಪ, ಪುಣ್ಯ ಬರುತ್ತೆ," ಅಂದರು.

ಗಂಗಮ್ಮತ್ತೆಗೆ ಮತ್ತೆ ಕೆಮ್ಮು ಹತ್ತಿತು. ನನ್ನ ಕೆಮ್ಮು! ನನಗೆ ಸೇರಬೇಕಾದ ಕೆಮ್ಮು! ಅದಕ್ಕೆ ನೀರು ತರಲು ನಾನೇ ಎದ್ದು ಹೋಗಬೇಕಾಯಿತು.

ಅತ್ತಿಗೆಗೆ ಏಳು ತಿಂಗಳು ತುಂಬಿ, ಸೀಮಂತ ಮುಗಿಸಿ ತವರಿಗೆ ಹೊರಟಾಗ ಬೀದಿಯೇ ಬಾಗಿಲಿಗೆ ಬಂದಿತ್ತು. ಮಗುವಿನ ಬಗ್ಗೆ ಕೇಳಿದವರು ಕಮ್ಮಿ.

"ಹೋಗೋಕ್ ಮುಂಚೆ ಒಂದ್ ಮಾತು ಹೇಳ್ಬಿಟ್ ಹೋಗಮ್ಮ ಸುಜಾತ, ತಂಗಿ ಸಿಕ್ತಾಳೋ ಇಲ್ವೋ?" ಎಂದು ಗಂಗಮ್ಮತ್ತೆ ಕೇಳಿದರು.

"ತಂಗಿ ಊರು ಇನ್ನೊಂದು ಮೈಲಿ ಐತೆ ಅತ್ತೆ. ಚೆನ್ನಕ್ಕ ಅರಳಿಕಟ್ಟೆ ಮೇಲೆ ಕೂತು ಸುಧಾರಿಸ್ಕೋತಾವ್ಳೆ. ನಾನು ಮಗು ಎತ್ಕೊಂಡು ಬರೋವರ್ಗೂ ಅಲ್ಲೇ ಕೂತಿರ್ತಾಳೆ, ಎಲ್ಗೂ ಹೋಗಲ್ಲ."

ಹೀಗೆ ಚೆನ್ನಕ್ಕನನ್ನು ಕಟ್ಟೆಯ ಮೇಲೆ ಕೂರಿಸಿ ಅತ್ತಿಗೆ ಹೋದರು.

ಆ ತಿಂಗಳ ನಮ್ಮ ಬೆಳೆ ಬಗ್ಗೆ ಹೇಳಬೇಕು. ಹಿಂದಿನ ಎರಡು ಬೆಳೆಯೂ ಹುಳುವಿಗೆ ರೋಗ ಬಂದು, ಚಂದ್ರಿಕೆ ಹತ್ತುವ ಮೊದಲೇ ಕೈ ಕೊಟ್ಟಿದ್ದವು. ಅಮ್ಮ ಬುಟ್ಟಿಗಟ್ಟಲೆ ಹುಳು ಗುಂಡಿಗೆ ಸುರಿದು ಬಂದು ಎರಡು ದಿನ ಯಾರ ಹತ್ತಿರವೂ ಮಾತಾಡಿರಲಿಲ್ಲ. ಈ ಸಲ ಅತ್ತಿಗೆಯೂ ಇಲ್ಲದೆ, ಒಬ್ಬರೇ ಹೊತ್ತು ಹೊತ್ತಿಗೆ ಸೊಪ್ಪು ಹಾಕಿ, ಹುಳು ಮನೆಯ ಬಾಗಿಲಿಗೆ ಬಂದವರನ್ನೆಲ್ಲ ಕಾಲು ತೊಳೆಸಿ, ನಲವತ್ತು ಚಂದ್ರಿಕೆ ತುಂಬ ಗೂಡು ಮಾಡಿಸಿದ್ದರು. ಬೆಳ್ಳಗೆ, ಗಟ್ಟಿಯಾಗಿ, ಒತ್ತಿದರೆ ತಗ್ಗದ ಗೂಡು. ಗುರುವಾರ ಬಿಡಿಸಿ ಮುಗಿದರೆ ಶುಕ್ರವಾರ ಬೆಳಿಗ್ಗೆ ಅಣ್ಣ ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿಗೆ ಹಾಕಬೇಕು. ಅದು ಅಮ್ಮನ ಲೆಕ್ಕ.

ಬುಧವಾರ ಬೆಳಿಗ್ಗೆ ಹದಿನಾಲ್ಕು ಜನ ಬಂದು ಕೂತರು. ಅಂಗಳ ಸಪ್ಪಗಿತ್ತು. ಕೈಗಳು ನಿದ್ದೆಯಲ್ಲಿ ಆಡುವ ಹಾಗೆ ಆಡುತ್ತಿದ್ದವು. ನಾನು ಕೋಳಿ ಮಾಡಲೇ ಎಂದು ಕೇಳಿದೆ. "ಬ್ಯಾಡ," ಅಂದರು, ಹದಿನಾಲ್ಕು ಜನವೂ, ಒಟ್ಟಿಗೆ, ಭಜನೆಯ ಥರ.

ಆಗ ನನ್ನ ಬಾಯಿಂದ ಬಂತು ನೋಡಿ: "ಚೆನ್ನಕ್ಕನ ಮುಂದಿನ್ ಕತೆ ಅತ್ತಿಗೆ ನಂಗ್ ಹೇಳಿ ಹೋಗವ್ರೆ. ನಿಮ್ಗೆ ಹೇಳು ಅಂದವ್ರೆ."

ಇದು ಶುದ್ಧ ಸುಳ್ಳು. ಆದರೆ ಗಂಗಮ್ಮತ್ತೆ ಕೈಯಲ್ಲಿದ್ದ ಗೂಡನ್ನು ಮಡಿಲಿಗೆ ಹಾಕಿಕೊಂಡು ನನ್ನ ಕಡೆ ಪೂರ್ತಿ ತಿರುಗಿ ಕೂತರು. ನಾನು ಚೆನ್ನಕ್ಕನನ್ನು ಅರಳಿಕಟ್ಟೆಯಿಂದ ಎಬ್ಬಿಸಿದೆ. ಒಂದು ಮೈಲಿ ನಡೆಸಿದೆ. ದಾರಿಯಲ್ಲಿ ಒಂದು ನಾಯಿಯನ್ನು ಜೊತೆ ಮಾಡಿದೆ.

"ತರ್ವಾತ?" ಅಂದಳು ಪಿಳ್ಳಮ್ಮ.

ನನಗೆ. ನನ್ನ ಮುಖ ನೋಡಿ. ಅರ್ಧ ಗಂಟೆಯಲ್ಲಿ ಏಳು ಸಲ "ತರ್ವಾತ" ಬಂತು, ನಾನು ಎಣಿಸಿದ್ದೇನೆ. ಊರ ಬಾಗಿಲು, ಬಾವಿ, ಬಾವಿಯ ಹತ್ತಿರದ ಮನೆ, ಜಗಲಿಯ ಮೇಲೆ ಅಕ್ಕಿ ಆರಿಸುತ್ತಿರುವ ಹೆಂಗಸು. "ಬಳೆ ಬೇಕೇನಮ್ಮ?" ಅಂದಳು ಚೆನ್ನಕ್ಕ. ಆ ಹೆಂಗಸು ಎಡಗೈ ಚಾಚಿದಳು. ಚೆನ್ನಕ್ಕ ಕೈ ತಿರುಗಿಸಿದಳು. ಗುರುತು ಇತ್ತು! ಅಂಗಳದಲ್ಲಿ ಯಾರೋ "ಅಯ್ಯೋ ನಮ್ಮಪ್ಪಾ" ಅಂದರು. ಇನ್ನು ಅಕ್ಕತಂಗಿ ತಬ್ಬಿಕೊಂಡರೆ ಆಯಿತು, ಮುಗಿಯಿತು.

ಆಗ ಗಂಗಮ್ಮತ್ತೆ ಮೆಲ್ಲಗೆ ಪಕ್ಕದವರಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು: "ಎಂಥ ಕತೆ ಕಟ್ಟವ್ಳೆ ನಮ್ ಸುಜಾತ!"

ಸುಜಾತ! ಅರ್ಧ ಗಂಟೆ ಗಂಟಲು ಒಣಗಿಸಿಕೊಂಡವನು ನಾನು. ನಾಯಿ ನನ್ನದು, ಬಾವಿ ನನ್ನದು, ಅಕ್ಕಿ ನನ್ನದು. ಅತ್ತಿಗೆ ಹೇಳಿದ್ದು ಎಂದು ಸುಳ್ಳು ಹೇಳಿದವನೂ ನಾನೇ ಅನ್ನುವುದು ಆ ಹೊತ್ತಿಗೆ ಮರೆತೇಹೋಗಿತ್ತು. ಈಗ ಇವರಿಬ್ಬರೂ ತಬ್ಬಿಕೊಂಡರೆ ಆ ಹೊಗಳಿಕೆಯೆಲ್ಲ ಬಸ್ಸು ಹತ್ತಿ ಚಿಂತಾಮಣಿಗೆ ಹೋಗುತ್ತದೆ. ಹೊಟ್ಟೆಯಲ್ಲಿ ಏನೋ ಬುಸುಗುಟ್ಟಿತು. ಅದನ್ನೇ ಕತೆಯೊಳಕ್ಕೆ ಬಿಟ್ಟೆ.

"ತಂಗಿಗೆ ಹಸಿರು ಬಳೆ ತೊಡಿಸೋಣ ಅಂತ ಚೆನ್ನಕ್ಕ ಮಲಾರದ ಮುಚ್ಚಳ ತೆಗೆದ್ಲು," ಅಂದೆ. "ಒಳಗೆ ನಾಗರಹಾವು ಕೂತಿತ್ತು. ಕಚ್ಚೇಬಿಡ್ತು. ತಂಗಿ ಅನ್ನೋಷ್ಟ್ರಲ್ಲಿ ಚೆನ್ನಕ್ಕನ ಪ್ರಾಣ ಹೋಯ್ತು."

ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಒಂದು ಸಲ ಶುರುವಾದರೆ ನನಗೆ ಬ್ರೇಕ್ ಇಲ್ಲ. ಎದೆ ಒಡೆದು ತಂಗಿಯೂ ಹೋದಳು. ನಾಯಿಯೂ ಹೋಯಿತು. ಕೊನೆಗೆ ಹಾವನ್ನೂ ಯಾರೋ ಹೊಡೆದುಹಾಕಿದರು.

ನಾನು ಚಪ್ಪಾಳೆಗೆ ಕಾಯುತ್ತಿದ್ದೆ. ಗಂಗಮ್ಮತ್ತೆ ಸೆರಗು ತೆಗೆದು ಕಣ್ಣಿಗೆ ಒತ್ತಿಕೊಂಡರು. ಅವರು ಗಂಡ ತೀರಿಕೊಂಡಾಗಲೂ ಹೊರಗೆ ಅತ್ತವರಲ್ಲ ಎಂದು ಅಮ್ಮ ಹೇಳುತ್ತಿದ್ದರು. ಪಿಳ್ಳಮ್ಮ ಒಂದು ಬೊಗಸೆ ಗೂಡು ತೆಗೆದು ನನ್ನ ಮುಖಕ್ಕೆ ಎಸೆದಳು. ರೇಷ್ಮೆ ಗೂಡು ಬಿದ್ದರೆ ನೋವಾಗುವುದಿಲ್ಲ ಎಂದು ನೀವು ಅಂದುಕೊಂಡಿದ್ದರೆ, ಪಿಳ್ಳಮ್ಮನ ಕೈ ನೀವು ನೋಡಿಲ್ಲ.

"ಒಂದೂವರೆ ವರ್ಷ ನಡ್ಸಿ ನಡ್ಸಿ ಹಾವಿನ ಬಾಯಿಗೆ ಕೊಟ್ಲಾ? ಬಸುರಿ ಹೆಂಗ್ಸು ಇಂಥ ಮಾತು ಬಾಯಲ್ಲಿ ಹೆಂಗಾದ್ರೂ ತಂದ್ಲು?"

"ನಮ್ಮ್ನ ಏನ್ ಅನ್ಕಂಡವ್ಳೆ ಅವ್ಳು? ಬರ್ರೇ, ಏಳ್ರೇ, ಹೋಗಣ!" ಗಂಗಮ್ಮತ್ತೆ ಎದ್ದರು. ಅವರು ಎದ್ದ ಮೇಲೆ ಎಲ್ಲರೂ ಎದ್ದರು. ಕೂಲಿಯಾಗಿದ್ದರೆ ಸಂಜೆಯವರೆಗೆ ಕೂರುತ್ತಿದ್ದರೇನೋ. ಮುಯ್ಯಾಳನ್ನು ಯಾವ ಬಾಯಲ್ಲಿ ಹಿಡಿದು ನಿಲ್ಲಿಸುವುದು?

ಅಮ್ಮ ಹದಿನೈದು ಮುದ್ದೆ ತಟ್ಟಿ, ಬಸ್ಸಾರು ಇಳಿಸಿ, ಕರೆಯಲು ಹೊರಗೆ ಬಂದರು. ಅಂಗಳದಲ್ಲಿ ನಾನೊಬ್ಬನೇ, ಬಿಡಿಸದೆ ಉಳಿದ ಇಪ್ಪತ್ತಾರು ಚಂದ್ರಿಕೆಗಳ ನಡುವೆ, ಕೂದಲಿಗೆ ಎರಡು ಗೂಡು ಸಿಕ್ಕಿಸಿಕೊಂಡು ಕೂತಿದ್ದೆ. ನಡೆದದ್ದನ್ನು ಹೇಳಿದೆ. ಹೊಡೆಯುತ್ತಾರೆ ಎಂದು ತಲೆ ಬಗ್ಗಿಸಿದ್ದೆ. ಅಮ್ಮ ಒಂದು ಚಂದ್ರಿಕೆ ಎಳೆದುಕೊಂಡು ಬಿಡಿಸುತ್ತ ಕೂತುಬಿಟ್ಟರು. ಆ ಎರಡು ಬೆಳೆ ಹೋದಾಗ ಇದ್ದ ಮುಖವೇ ಇತ್ತು. ನಾನೂ ಎದುರಿಗೆ ಕೂತೆ. ಅಮ್ಮ ಮೂರು ಚಂದ್ರಿಕೆ ಬಿಡಿಸುವಷ್ಟರಲ್ಲಿ ನನ್ನದು ಒಂದು. ಅದರಲ್ಲೂ ಸತ್ತ ಹುಳುವಿನ ಕರೆಗೂಡನ್ನು ಒಳ್ಳೆಯದರ ಜೊತೆ ಸೇರಿಸಿ, ಅಮ್ಮ ಅದನ್ನು ಮತ್ತೆ ಆರಿಸಬೇಕಾಯಿತು. ಹೊತ್ತು ಮುಳುಗುವ ಮೊದಲು ಅಮ್ಮ ಮೊದಲ ಸಲ ಬಾಯಿ ಬಿಟ್ಟರು.

"ಇನ್ನೂ ಇಪ್ಪತ್ತೆರಡು. ನಾಳೆ ಅವ್ರು ಬರ್ದಿದ್ರೆ ಗೂಡು ಬಿಡ್ಸೋದು ಚಿಟ್ಟೆನೇ. ನಂಗೇನೂ ಹೇಳ್ಬ್ಯಾಡ, ಆ ಹುಡ್ಗಿಗೆ ಫೋನ್ ಮಾಡು."

ಮಾಡಿದೆ. ಅತ್ತಿಗೆ "ಹಲೋ" ಅನ್ನಲಿಲ್ಲ.

"ಹಾವು ಎಷ್ಟು ಉದ್ದ ಇತ್ತಪ್ಪ?" ಅಂದರು.

ಗಂಗಮ್ಮತ್ತೆ ಆಗಲೇ ಫೋನು ಮಾಡಿ, ಇವರ ಮಾತು ಕೇಳಿಸಿಕೊಳ್ಳದೆ ಇಟ್ಟುಬಿಟ್ಟಿದ್ದರಂತೆ. ನಾನು ಒಂದೇ ಉಸಿರಿನಲ್ಲಿ ಕಾಲು ಹಿಡಿದು, ಗಲ್ಲ ಬಡಿದುಕೊಂಡು, ಎಲ್ಲ ಒಪ್ಪಿಕೊಂಡೆ. ಅತ್ತಿಗೆ ಆಮೇಲೆ ಕೇಳಿದ್ದು ಒಂದೇ ಮಾತು.

"ಎಷ್ಟು ಚಂದ್ರಿಕೆ ಉಳಿದೈತೆ?"

"ಇಪ್ಪತ್ತೆರಡು."

"ಈಗ್ಲೇ ಮನೆಮನೆಗೂ ಹೋಗು. ಸುಳ್ಳು ಹೇಳಿದ್ದು ನೀನು ಅಂತ ನಿನ್ ಬಾಯಲ್ಲೇ ಹೇಳು. ಬೆಳಿಗ್ಗೆ ಎಲ್ರುನೂ ಕರಿ. ಫೋನ್ ಪೂರ್ತಿ ಚಾರ್ಜ್ ಮಾಡಿಟ್ಕೋ."

ಹದಿನಾಲ್ಕು ಬಾಗಿಲು. ಒಂದೊಂದು ಬಾಗಿಲಲ್ಲೂ ಒಂದೊಂದು ಥರ ಉಗಿಸಿಕೊಂಡೆ. ಪಿಳ್ಳಮ್ಮ ಬಾಗಿಲೇ ತೆಗೆಯಲಿಲ್ಲ, ಕಿಟಕಿಯಿಂದ, "ಆ ನಾಯಿ ನಿಂಗೇನ್ ಮಾಡಿತ್ತೋ ಪಾಪಿ?" ಅಂದಳು. ಗಂಗಮ್ಮತ್ತೆ ಮಾತ್ರ ಬಯ್ಯಲಿಲ್ಲ. ನನ್ನನ್ನು ಒಂದು ನಿಮಿಷ ನೋಡಿ, "ಅಂಗಾದ್ರೆ ಚೆನ್ನಕ್ಕ ಬದುಕವ್ಳಾ?" ಎಂದು ಕೇಳಿದರು. ಕೇಳುವಾಗ ಅವರ ದನಿ ಇದ್ದ ರೀತಿಗೆ ನನಗೆ ಬೈಗುಳವೇ ಎಷ್ಟೋ ಮೇಲು ಅನ್ನಿಸಿತು.

ಮಾರನೇ ದಿನ ಬಂದರು. ಎಲ್ಲರೂ ಬಂದರು. ನನ್ನ ಮುಖ ಮಾತ್ರ ಯಾರೂ ನೋಡಲಿಲ್ಲ. ನಮ್ಮ ಅಂಗಳದಲ್ಲಿ ಸಿಗ್ನಲ್ ಸಿಗುವುದು ಒಂದೇ ಜಾಗದಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ, ಅದೂ ಕೈ ಎತ್ತಿ ಹಿಡಿದರೆ. ಹಾಗಾಗಿ ನಾನು ಆ ಕಲ್ಲಿನ ಮೇಲೆ ನಿಂತು, ಸ್ಪೀಕರ್ ಹಾಕಿದ ಫೋನನ್ನು ಬಲಗೈಯಲ್ಲಿ ಎತ್ತಿ ಹಿಡಿದು, ಸರ್ಕಲ್ಲಿನಲ್ಲಿ ನಿಲ್ಲಿಸಿದ ಪ್ರತಿಮೆಯ ಹಾಗೆ ಎರಡೂವರೆ ಗಂಟೆ ನಿಂತೆ. ಕಾಗೆಯೊಂದು ಬಂದು ನೋಡಿಕೊಂಡೂ ಹೋಯಿತು.

"ಎಲ್ರೂ ಕೂತ್ರಾ?" ಫೋನಿನೊಳಗಿನಿಂದ ಅತ್ತಿಗೆಯ ದನಿ ಬಂತು. "ಚೆನ್ನಕ್ಕ ಇನ್ನೂ ಅರಳಿಕಟ್ಟೆ ಮೇಲೇ ಕೂತವ್ಳೆ. ಆದ್ರೆ ತಂಗಿ ಊರಲ್ಲಿ ಅವತ್ತು ಏನಾಯ್ತು ಅಂದ್ರೆ, ಒಬ್ಬ ಹುಡುಗ ಓಡ್ಬಂದ. ಬಂದೋನು, 'ಅಯ್ಯೋ ಚೆನ್ನಕ್ಕನ್ನ ಹಾವು ಕಚ್ಬಿಡ್ತು, ಹೋಗ್ಬಿಟ್ಲು' ಅಂತ ಊರಿಗೆಲ್ಲ ಸಾರ್ದ."

ಹದಿನಾಲ್ಕು ತಲೆಗಳು ಒಗೆಯುವ ಕಲ್ಲಿನ ಕಡೆ ತಿರುಗಿದವು.

"ಊರು ಗೋಳೋ ಅಂತ ಅಳ್ತು. ತಂಗಿ ಮಾತ್ರ ಅಳ್ಳಿಲ್ಲ. 'ಹಾವು ಎಲ್ಲಿತ್ತಪ್ಪ?' ಅಂದ್ಲು. 'ಮಲಾರದ ಒಳಗೆ. ಮುಚ್ಚಳ ತೆಗೆದ್ಲು, ಕಚ್ತು' ಅಂದ. ತಂಗಿ ಕೇಳಿದ್ಲು, 'ಅಲ್ಲಪ್ಪಾ, ಮಲಾರ ಅಂದ್ರೆ ಬಳೆನೆಲ್ಲ ದಾರಕ್ಕೆ ಪೋಣಿಸಿ ಹೆಗಲಿಗೆ ಇಳಿಬಿಡೋದು. ಅದಕ್ಕೆ ಮುಚ್ಚಳ ಎಲ್ಲಿಂದ ಬಂತು? ಹಾವು ಎಲ್ಲಿ ಕೂತಿತ್ತು? ಹಾವೂ ಬಳೆ ತೊಟ್ಕೊಂಡಿತ್ತಾ?'"

ಒಂದೂವರೆ ವರ್ಷ ನಾನು ಮಲಾರ ಅಂದರೆ ಬುಟ್ಟಿ ಎಂದುಕೊಂಡಿದ್ದೆ. ಹೊಟ್ಟೆಕಿಚ್ಚಿನಿಂದ ಕೇಳಿಸಿಕೊಂಡವನಿಗೆ ಕತೆ ಎಷ್ಟು ತಲೆಗೆ ಹೋಗುತ್ತದೆ ನೋಡಿ. ಅಂಗಳದಲ್ಲಿ ಎದ್ದ ನಗು ದಿಬ್ಬೂರಹಳ್ಳಿಗೆ ಕೇಳಿಸಿರಬೇಕು. ಪಿಳ್ಳಮ್ಮ ಚಂದ್ರಿಕೆಯ ಮೇಲೆ ಬಿದ್ದು ನಗುತ್ತಿದ್ದಳು. "ನಂಗ್ ಆಗ್ಲೇ ಅನ್ಮಾನ ಬಂತು ಕಣ್ರೇ," ಎಂದು ಗಂಗಮ್ಮತ್ತೆ ಸುಳ್ಳು ಹೇಳಿದರು. ಕೈಗಳು ಓಡತೊಡಗಿದವು. ಗೂಡುಗಳು ಪಟಪಟನೆ ಬುಟ್ಟಿಗೆ ಬೀಳತೊಡಗಿದವು. ಮೂಲೆಯಲ್ಲಿ ಅಮ್ಮನೂ ನಗುತ್ತಿದ್ದರು, ಬಾಯಿಗೆ ಸೆರಗು ಅಡ್ಡ ಹಿಡಿದು.

"ತರ್ವಾತ?" ಯಾರೋ ಕೇಳಿದರು.

"ತರ್ವಾತ ತಂಗಿ ಆ ಹುಡುಗನ್ನ ಪಕ್ಕಕ್ಕೆ ಕರ್ದು ಕೇಳಿದ್ಲು, 'ಯಾಕಪ್ಪ ಸುಳ್ಳು ಹೇಳ್ದೆ?' ಅಂತ." ಅತ್ತಿಗೆ ಅಲ್ಲಿ ನಿಲ್ಲಿಸಿದರು. ಅಲ್ಲಿ ಅವರ ಕೈಯಲ್ಲಿ ಗೂಡು ಇರಲಿಲ್ಲ, ಆದರೂ ಅಷ್ಟೇ ಹೊತ್ತು ನಿಲ್ಲಿಸಿದರು. "ಅವನು ಹೇಳ್ದ, 'ಈ ಊರಲ್ಲಿ ಎಲ್ರೂ ಚೆನ್ನಕ್ಕ ಯಾವಾಗ ಬರ್ತಾಳೆ ಅಂತ ಕಾಯ್ತಾರಮ್ಮ. ನಾನು ಎದುರಿಗೇ ಇರ್ತೀನಿ. ನಂಗೆ ಯಾರೂ ಕಾಯಲ್ಲ.'"

ನನ್ನ ಕೈ ಸ್ವಲ್ಪ ಕೆಳಗಿಳಿಯಿತು. ಸಿಗ್ನಲ್ ಹೋಯಿತು. "ಎತ್ತೋ, ಎತ್ತೋ!" ಎಂದು ಎಲ್ಲರೂ ಕೂಗಿದರು. ಎತ್ತಿದೆ. ಕಣ್ಣಿಗೆ ಬಿಸಿಲು ಬೀಳುತ್ತಿತ್ತು, ಅಷ್ಟೇ, ಬೇರೆ ಏನೂ ಇಲ್ಲ. ಗಂಗಮ್ಮತ್ತೆ ತಲೆ ಎತ್ತದೆ ಹೇಳಿದರು: "ಅವ್ನಿಗೂ ಒಂದ್ ಲೋಟ ಕಾಫಿ ಕೊಡ್ರೇ ಯಾರಾದ್ರೂ. ಬೆಳಿಗ್ಗೆಯಿಂದ ನಿಂತವ್ನೆ." ಪಿಳ್ಳಮ್ಮ ತಂದು ಎಡಗೈಗೆ ಕೊಟ್ಟಳು. ಎಡಗೈಯಲ್ಲಿ ಕುಡಿದೆ.

ಊಟದ ಹೊತ್ತಿಗೆ ಇಪ್ಪತ್ತೆರಡೂ ಚಂದ್ರಿಕೆ ಖಾಲಿಯಾದವು. ಚೆನ್ನಕ್ಕ ಕಟ್ಟೆಯಿಂದ ಎದ್ದು ನಾಲ್ಕು ಹೆಜ್ಜೆ ನಡೆದಿದ್ದಳು, ಅಷ್ಟೇ. ಉಳಿದದ್ದು ಮಗು ಬಂದ ಮೇಲೆ ಎಂದು ಅತ್ತಿಗೆ ಮಾತು ಮುಗಿಸಿದರು. ಹೆಂಗಸರು ಕೈ ತೊಳೆಯಲು ಎದ್ದರು. ಅಮ್ಮ ಬೆಳ್ಳನೆಯ ಗೂಡಿನ ರಾಶಿಯೊಳಕ್ಕೆ ಎರಡೂ ಕೈ ಹಾಕಿ ಸುಮ್ಮನೆ ಕೂತಿದ್ದರು. ನಾನು ಮರಗಟ್ಟಿದ ಕೈಯನ್ನು ಇನ್ನೊಂದು ಕೈಯಿಂದ ಹಿಡಿದು ಇಳಿಸಲು ಹೊರಟೆ. ಆಗ ಫೋನಿನಿಂದ ಸಣ್ಣ ದನಿ ಬಂತು.

"ಸ್ಪೀಕರ್ ತೆಗಿಯಪ್ಪ."

ತೆಗೆದೆ. ಸಿಗ್ನಲ್ ಹೋಗದಿರಲೆಂದು ಕಲ್ಲಿನ ಮೇಲೆಯೇ ತುದಿಗಾಲಲ್ಲಿ ನಿಂತು ಕಿವಿಗೆ ಇಟ್ಟುಕೊಂಡೆ. ಇನ್ನು ಮಂಗಳಾರತಿ ಎಂದು ಕಣ್ಣು ಮುಚ್ಚಿದೆ.

"ನಿನ್ನೆ ಗಂಗಮ್ಮತ್ತೆ ಫೋನ್ ಮಾಡಿದ್ದು ನನ್ನ ಬೈಯೋಕೆ," ಅಂದರು ಅತ್ತಿಗೆ. "ಬೈಯೋಕ್ ಆಗ್ಲಿಲ್ಲ ಆಯಮ್ಮನ ಕೈಲಿ. ಅಳ್ತಿದ್ರು. ಮಗು ಥರ ಅಳ್ತಿದ್ರು. ಒಂದೂವರೆ ವರ್ಷ ಕತೆ ಹೇಳಿದೀನಿ ನಾನು, ಗಂಡ ಹೊಡೆದ ಕೈ ಹೇಳಿದೀನಿ, ಏನೆಲ್ಲ ಹೇಳಿದೀನಿ. ಆಯಮ್ಮ ಒಂದಿನ ಮೂಗು ಕೂಡ ಒರೆಸ್ಕೊಂಡಿಲ್ಲ. ನೀನು ಮುಚ್ಚಳಾನೇ ಇಲ್ಲದ ಮಲಾರಕ್ಕೆ ಮುಚ್ಚಳ ತೆಗ್ದು, ಎರಡು ನಿಮಿಷದಲ್ಲಿ ಅಳಿಸ್ಬಿಟ್ಟೆ. ರಾತ್ರಿ ಊಟ ಸೇರ್ಲಿಲ್ಲ ನಂಗೆ, ಅಷ್ಟು ಹೊಟ್ಟೆ ಉರೀತು. ಅದಕ್ಕೇ ನಿನ್ನ ಕತೆಯೊಳಗೆ ಎಳೆದು ಎಲ್ರ ಮುಂದೆ ಮಾನ ಕಳೆದಿದ್ದು. ಬೇರೆ ಯಾವುದಕ್ಕೂ ಅಲ್ಲ ಕಣಪ್ಪ."